ಮಳೆಗಾಲಕ್ಕೆ ಚೈನ್ ಸಾ ಹೇಗೆ ಎತ್ತಿಡುತ್ತೀರಿ? ಅನುಭವ ಇದ್ದವರು ಹೇಳಿ

ಕೊಪ್ಪದ ಕಡೆಯವ
ನಮಸ್ಕಾರ ಎಲ್ಲರಿಗೂ. ಕೊಪ್ಪದ ಹತ್ತಿರ ನಮ್ಮದು ಅಡಿಕೆ, ಪಕ್ಕದಲ್ಲಿ ಸ್ವಲ್ಪ ಕಾಫಿ. ನಾನಿರುವುದು ಬೆಂಗಳೂರಿನಲ್ಲಿ, ರಜೆ ಸಿಕ್ಕಾಗ ಊರಿಗೆ. ಈ ಬೇಸಿಗೆಯಲ್ಲಿ ಮರ ಕೊಯ್ಯುವ ಒಂದು 45 ಸಿಸಿ ಚೈನ್ ಸಾ ತಗೊಂಡೆ, ಚೈನ್ ಸುತ್ತುವ ಉದ್ದ ಪಟ್ಟಿ, ಅಂದರೆ ಬಾರ್, 18 ಇಂಚಿನದ್ದು. ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಆಯಿತು, ಸೌದೆಯೂ ಕೊಟ್ಟಿಗೆ ಸೇರಿತು. ಇನ್ನು ಮಳೆ ಹಿಡಿದರೆ ದೀಪಾವಳಿ ತನಕ ಅದಕ್ಕೆ ಕೆಲಸ ಇಲ್ಲ, ಗಾಳಿಗೆ ಮರ ಬಿದ್ದರೆ ಮಾತ್ರ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೆಚ್ಚಗಿರುತ್ತೆ ಅಂತಾರೆ ಅಪ್ಪ. ಪೆಟ್ರೋಲ್ ಮಿಷನ್ ಅಲ್ವಾ, ನನಗೆ ಹೆದರಿಕೆ. ಮನೆಯಲ್ಲಿ ಅಣ್ಣನ ಮಕ್ಕಳಿದ್ದಾರೆ, ಎಲ್ಲದಕ್ಕೂ ಕೈ ಹಾಕುವ ವಯಸ್ಸು. ಟ್ಯಾಂಕ್ ಖಾಲಿ ಮಾಡಬೇಕಾ? ನಾನಿಲ್ಲದಾಗ ಮರ ಬಿದ್ದರೆ ಕೆಲಸದವರ ಕೈಗೆ ಕೊಡಬಹುದಾ? ನೀವೆಲ್ಲ ಏನು ಮಾಡುತ್ತೀರಿ?

ಬಾಳೆಹೊನ್ನೂರು ತೋಟ
ಖಾಲಿ ಮಾಡಿ. ಬೇರೆ ಏನು ಮಾಡದಿದ್ದರೂ ಪರವಾಗಿಲ್ಲ, ಅದೊಂದು ಮಾಡಿ.

ನನ್ನ ಮಿಷನ್ನನ್ನು ಭಾವ ಒಯ್ದಿದ್ದರು, ಸಿಲ್ವರ್ ಓಕ್ ಬೀಳಿಸಬೇಕು ಅಂತ. ಮೇ ಕೊನೆಗೆ ತಂದಿಟ್ಟರು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಹಾಗೇ ಇತ್ತು, ಒಂದು ಮಾತು ಹೇಳಲಿಲ್ಲ. ನವೆಂಬರ್‌ನಲ್ಲಿ ಸ್ಟಾರ್ಟ್ ಮಾಡುವ ಹಗ್ಗ ಎಳೆದೆ, ಎಳೆದೆ, ರಟ್ಟೆ ಬಿದ್ದುಹೋಯಿತು. ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆಯೇ ಇಲ್ಲ, ಹಳೇ ಪೇಂಟಿನ ವಾಸನೆ. ಕಾರ್ಬೊರೇಟರ್ ಬಿಚ್ಚಿಸಿದರೆ ಒಳಗೆಲ್ಲ ಕಂದು ಅಂಟು. ಒಳಗಿನ ಸಣ್ಣ ಜಾಲರಿ ಪೂರ್ತಿ ಮುಚ್ಚಿಹೋಗಿತ್ತು. ಡಯಾಫ್ರಮ್ ಅನ್ನುವ ತೆಳು ಪೊರೆ ಹಪ್ಪಳದ ಹಾಗೆ ಗಟ್ಟಿ.

ಲೆಕ್ಕ ಕೇಳಿ. ಡಯಾಫ್ರಮ್ ಕಿಟ್ 450. ಪೆಟ್ರೋಲ್ ಪೈಪು 220. ಟ್ಯಾಂಕಿನೊಳಗಿನ ಫಿಲ್ಟರ್ 120. ಸ್ಪಾರ್ಕ್ ಪ್ಲಗ್ 160. ಮಜೂರಿ 800. ಅಲ್ಲಿಗೆ ಮುಗಿಯಿತಾ? ಇಲ್ಲ. ಹಾಕಿದ್ದು ಡೂಪ್ಲಿಕೇಟ್ ಕಿಟ್ ಅಂತ ಆಮೇಲೆ ಗೊತ್ತಾಯಿತು. ಪೆಟ್ರೋಲ್ ಸಾಕಷ್ಟು ಹೋಗಲಿಲ್ಲ. ಆಯಿಲ್ ಹೋಗುವುದೂ ಪೆಟ್ರೋಲ್ ಜೊತೆಗೇ ತಾನೆ? ಅದೂ ಹೋಗಲಿಲ್ಲ. ಕಾದು ಪಿಸ್ಟನ್ ಹಿಡಿದುಕೊಂಡಿತು. ಬೋರ್ (ಸಿಲಿಂಡರ್), ಪಿಸ್ಟನ್, ರಿಂಗು ಸೇರಿ 6,400. ಮತ್ತೆ ಮಜೂರಿ 1,500. ಬಸ್ಸಿನಲ್ಲಿ ಪಾರ್ಟ್ ತರಿಸಿದ್ದಕ್ಕೆ ಕಂಡಕ್ಟರಿಗೆ 100. ಒಟ್ಟು 9,750. ಭಾವ ಎರಡು ಸಾವಿರ ಕೊಡೋಕೆ ಬಂದರು. ಬೇಡ ಅಂದೆ. ಹೆಂಡತಿ ಎದುರು ಈ ವಿಷಯ ಎತ್ತುವ ಹಾಗಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್. ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ. ನೀರು ಜಾಸ್ತಿಯಾದರೆ ಎಥನಾಲೂ ನೀರೂ ಒಟ್ಟಾಗಿ ತಳಕ್ಕೆ ಇಳಿಯುತ್ತೆ, ಫಿಲ್ಟರ್ ಇರುವುದೂ ಅಲ್ಲೇ. ನಮ್ಮ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುತ್ತೆ, ಇದನ್ನು ಹೇಳಬೇಕಾ? ಟ್ಯಾಂಕ್ ಬಗ್ಗಿಸಿ ಖಾಲಿ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ, ಸ್ಲೋನಲ್ಲಿ ಎಂಜಿನ್ ತಾನಾಗೇ ಆರಿ ನಿಲ್ಲುವ ತನಕ ಬಿಡಿ.

ತೀರ್ಥಹಳ್ಳಿ ಅಡಿಕೆ
ಇದನ್ನೇ ಎಲ್ಲರೂ ಹೇಳುತ್ತಾರೆ. ನನ್ನ ಮಿಷನ್ 2014ರದ್ದು. ಒಂದು ಮಳೆಗಾಲವೂ ಖಾಲಿ ಮಾಡಿ ಇಟ್ಟಿಲ್ಲ. ಭಾನುವಾರ ತಿಂಡಿ ಆದ ಮೇಲೆ ಜಗಲಿಯಲ್ಲಿ ನಿಂತು ಸ್ಟಾರ್ಟ್ ಮಾಡಿ ಐದು ನಿಮಿಷ ಓಡಿಸುತ್ತೇನೆ. ಪೂರ್ತಿ ಒಣಗಿಸಿ ತಿಂಗಳುಗಟ್ಟಲೆ ಇಟ್ಟರೆ ಡಯಾಫ್ರಮ್ ಸುಕ್ಕಾಗುತ್ತೆ, ಒದ್ದೆಯಾಗಿದ್ದರೆ ಮೆತ್ತಗಿರುತ್ತೆ. ಇವತ್ತಿಗೂ ಎರಡನೇ ಎಳೆತಕ್ಕೆ ಹಿಡಿಯುತ್ತೆ. ಕಾರ್ಬೊರೇಟರಿಗೆ ಸ್ಕ್ರೂಡ್ರೈವರ್ ತಾಗಿಸಿಲ್ಲ.

ಬಾಳೆಹೊನ್ನೂರಿನವರೇ, ಬೇಜಾರು ಮಾಡಬೇಡಿ, ನಿಮ್ಮ ಭಾವನ ತಪ್ಪಲ್ಲ ಅದು. ಮೇನಿಂದ ನವೆಂಬರ್ ತನಕ ಮಿಷನ್ ನಿಮ್ಮ ಮನೆಯಲ್ಲೇ ಇತ್ತಲ್ಲ. ಒಮ್ಮೆ ಮುಚ್ಚಳ ತೆಗೆದು ನೋಡೋಕೆ ಏನಾಗಿತ್ತು?

ಬಾಳೆಹೊನ್ನೂರು ತೋಟ
ನನ್ನ ಮನೆ ವಿಷಯ ನಿಮಗೆ ಬೇಡ. ಕೇಳಿದವರು ಬೆಂಗಳೂರಿನಲ್ಲಿದ್ದಾರೆ, ಭಾನುವಾರ ತಿಂಡಿ ತಿಂದು ಕೊಪ್ಪಕ್ಕೆ ಬಂದು ಸ್ಟಾರ್ಟ್ ಮಾಡಿ ವಾಪಸ್ ಹೋಗಬೇಕಾ?

ತೀರ್ಥಹಳ್ಳಿ ಅಡಿಕೆ
ತೋಟದಲ್ಲಿ ಇರದವರು ಮಿಷನ್ ತಗೊಳ್ಳಬಾರದು ಅಷ್ಟೆ. ಇದನ್ನು ಹೇಳಿದರೆ ಕೆಟ್ಟವನಾಗುತ್ತೇನೆ.

ಸಕಲೇಶಪುರ ರೈಟರ್
ಮಿಷನ್ ಎಲ್ಲಿಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಆಯಿಲ್ ಮಿಕ್ಸ್ ಮಾಡಿದ ಪೆಟ್ರೋಲ್ ಎಲ್ಲಿಡುತ್ತೀರಿ ಅಂತ ಯಾರೂ ಕೇಳಲ್ಲ. ನಾನು ಮೊದಲು ರೈಟರ್ (ಲೆಕ್ಕ, ಆಳು ನೋಡಿಕೊಳ್ಳುವವ) ಆಗಿದ್ದ ಎಸ್ಟೇಟಿನಲ್ಲಿ ಅದನ್ನು ನೀರಿನ ಬಾಟಲಿಯಲ್ಲೇ ಹಾಕಿ ಕೊಡುತ್ತಿದ್ದರು. ಬೇಡ ಅಂತ ಧಣಿಗಳಿಗೆ ಹೇಳಿ ಹೇಳಿ ಸಾಕಾಗಿತ್ತು. ಒಂದು ದಿನ ಮಧ್ಯಾಹ್ನ ಆಳುಗಳ ಲೈನ್ ಮನೆಯ ಕಟ್ಟೆ ಮೇಲಿದ್ದ ಬಾಟಲಿ ಎತ್ತಿ ಒಬ್ಬ ಹುಡುಗ ಗುಟುಕು ಹಾಕಿಯೇ ಬಿಟ್ಟ. ಬಾಯಾರಿಕೆಯಲ್ಲಿ ಬಣ್ಣ ಯಾರು ನೋಡುತ್ತಾರೆ? ಪಕ್ಕದವರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೊರಟಿದ್ದರು. ನಾನೇ ಓಡಿಹೋಗಿ ತಡೆದೆ. ಪೆಟ್ರೋಲ್ ಕುಡಿದವರಿಗೆ ವಾಂತಿ ಮಾಡಿಸಬಾರದು, ಮೇಲೆ ಬರುವಾಗ ಶ್ವಾಸಕೋಶಕ್ಕೆ ಹೋದರೆ ಅದೇ ದೊಡ್ಡ ಅಪಾಯ. ಜೀಪಿಗೆ 1,200, ಆಸ್ಪತ್ರೆಗೆ 14,300. ಎರಡು ರಾತ್ರಿ ಇಟ್ಟುಕೊಂಡರು. ಹುಡುಗ ಉಳಿದ. ದುಡ್ಡನ್ನು ಅರ್ಧ ನನ್ನ ಸಂಬಳದಲ್ಲಿ ಹಿಡಿದರು, ಅದಕ್ಕೇ ಆ ಎಸ್ಟೇಟ್ ಬಿಟ್ಟೆ.

ಈಗಿರುವ ಕಡೆ ಕೆಂಪು ಕ್ಯಾನು, ಬೀಗ, ಬೀಗದ ಕೈ ನನ್ನ ಹತ್ತಿರ. ವಾರಕ್ಕೆ ಬೇಕಾದಷ್ಟೇ ಮಿಕ್ಸ್. ಆಯಿಲ್ ಹಾಕದ ಪೆಟ್ರೋಲ್ ಬೇರೆ ಕ್ಯಾನಿನಲ್ಲಿ. ಆಯಿಲ್ ಇಲ್ಲದ್ದನ್ನು ತುಂಬಿಸಿ ಎರಡು ಮಿಷನ್ ಸುಟ್ಟವರ ಕಥೆ ಬರೆಯಲು ಕೂತರೆ ರಾತ್ರಿಯಾಗುತ್ತೆ.

ಶಿರಸಿ ಬೆಟ್ಟ
ಲೀಟರಿಗೆ ಎಷ್ಟು ಆಯಿಲ್ ಹಾಕುತ್ತೀರಿ ರೈಟರೇ? ನಾನು 40 ಎಂಎಲ್.

ಸಕಲೇಶಪುರ ರೈಟರ್
ಯಾವ ಆಯಿಲ್ ಅನ್ನೋದರ ಮೇಲೆ. ಮಿಷನ್ ಕಂಪನಿಯದೇ ಒಳ್ಳೇ ಆಯಿಲ್ ಆದರೆ ಒಂದಕ್ಕೆ ಐವತ್ತು, ಅಂದರೆ ಲೀಟರಿಗೆ 20 ಎಂಎಲ್. ಸಾಧಾರಣ ಟೂ ಟಿ (ಟೂ ಸ್ಟ್ರೋಕ್ ಎಂಜಿನ್ನಿನ ಆಯಿಲ್) ಆದರೆ ಒಂದಕ್ಕೆ ಇಪ್ಪತ್ತೈದು, 40 ಎಂಎಲ್. ಕಂಪನಿ ಆಯಿಲ್ ತಂದು 40 ಹಾಕಿದರೆ ಹೊಗೆ, ಸೈಲೆನ್ಸರಿನಲ್ಲಿ ಕಾರ್ಬನ್. ಸಾಧಾರಣದ್ದು ತಂದು 20 ಹಾಕಿದರೆ ಬೋರ್ ಹೋಯಿತು.

ತೀರ್ಥಹಳ್ಳಿ ಅಡಿಕೆ
ನಾನು ಯಾವುದಾದರೂ 30 ಹಾಕುತ್ತೇನೆ. 2014ರಿಂದ.

ಘಟ್ಟದ ಕೆಳಗಿನವ
ಮಾರಾಯ್ರೆ, ಕೆಲಸದವರ ಕೈಗೆ ಕೊಡಬಹುದಾ ಅಂತ ಕೇಳಿದ್ದೀರಲ್ಲ. ನಮ್ಮದು ಸುಳ್ಯದ ಕಡೆ, ರಬ್ಬರ್ ಮತ್ತು ಅಡಿಕೆ. 2019ರ ಮಳೆಗಾಲ. ನಾನು ಮದುವೆಗೆ ಅಂತ ಮೈಸೂರಿಗೆ ಹೋಗಿದ್ದೆ. ಗಾಳಿಗೆ ಒಂದು ಮರ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ಬಿತ್ತು, ಅದರಡಿ ಇನ್ನೊಂದು ಸಣ್ಣ ಮರ ಬಿಲ್ಲಿನ ಹಾಗೆ ಬಗ್ಗಿ ನಿಂತಿತ್ತು. ನಮ್ಮ ಕೆಲಸದ ಆಳು ಒಳ್ಳೆಯವ, ಧಣಿ ಬರುವುದರೊಳಗೆ ತೋಡು ಬಿಡಿಸುವ ಅಂತ ಶೆಡ್ಡಿನಿಂದ ಮಿಷನ್ ತೆಗೆದುಕೊಂಡು ಹೋಗಿದ್ದಾನೆ. ಶೆಡ್ಡಿಗೆ ಬೀಗ ಇರಲಿಲ್ಲ. ಬಗ್ಗಿದ ಮರದ ಹೊರಮೈಗೆ, ಎಳೆದು ನಿಂತ ಕಡೆಗೇ ಸೀದಾ ಚೈನ್ ಕೊಟ್ಟಿದ್ದಾನೆ. ಮರ ಸಿಡಿದು ಮಿಷನ್ನಿಗೆ ಹೊಡೆಯಿತು, ಚೈನ್ ಎಡತೊಡೆಗೆ.

ಕಾರಿನಲ್ಲಿ ಮಂಗಳೂರಿಗೆ. ಆಸ್ಪತ್ರೆ ಬಿಲ್ಲು 1,38,000. ಔಷಧಿ ಬೇರೆ 11,000. ಅವನು ಎದ್ದು ಓಡಾಡುವ ತನಕ ಮನೆಗೆ ಅಕ್ಕಿ, ಸಂಬಳ. ಆಗ 1923ರ ಪರಿಹಾರ ಕಾಯ್ದೆ ಅಂತ ಒಂದು ಇತ್ತು, ಕೆಲಸದಲ್ಲಿ ಪೆಟ್ಟಾದರೆ ಹೊಣೆ ನಿಮ್ಮದೇ ಅಂತ ವಕೀಲರು ಹೇಳಿದರು. ನಾನು ಹೇಳದೇ ಮಾಡಿದ ಕೆಲಸ ಅಲ್ವಾ ಅಂದೆ. ನಿಮ್ಮ ಮಿಷನ್, ನಿಮ್ಮ ತೋಟ, ನಿಮ್ಮ ತೋಡು ಅಂದರು. ಮತ್ತೆ ನಾನು ಮಾತಾಡಲಿಲ್ಲ. 80,000 ಕೊಟ್ಟು ಒಪ್ಪಂದ ಆಯಿತು. ಅವನು ಈಗಲೂ ನಮ್ಮಲ್ಲೇ ಇದ್ದಾನೆ, ಮೆಟ್ಟಿಲು ಹತ್ತುವಾಗ ಕಾಲು ಎಳೆಯುತ್ತಾನೆ.

ಮಿಷನ್ ಮಾರಿದೆ. ಈಗ ಮರ ಬಿದ್ದರೆ ಮಿಷನ್ನಿನವರನ್ನೇ ಕರೆಸುವುದು. ದಿನಕ್ಕೆ 2,200, ಪೆಟ್ರೋಲ್ ಅವರದು. ಎಲ್ಲಿಡುವುದು, ಹೇಗಿಡುವುದು ಅನ್ನುವ ತಲೆಬಿಸಿಯೇ ಇಲ್ಲ.

ತೀರ್ಥಹಳ್ಳಿ ಅಡಿಕೆ
ಆಷಾಢದ ಗಾಳಿಗೆ ಎಲ್ಲರ ತೋಟದಲ್ಲೂ ಮರ ಬಿದ್ದಿರುತ್ತೆ. ಆಗ ನಿಮ್ಮ 2,200ರವನು ಫೋನ್ ಎತ್ತುತ್ತಾನಾ?

ಘಟ್ಟದ ಕೆಳಗಿನವ
ಎತ್ತದಿದ್ದರೆ ಮರ ಅಲ್ಲೇ ಬಿದ್ದಿರಲಿ. ಸತ್ತ ಮರಕ್ಕೆ ಏನು ಅವಸರ?

ಪೋರ್ಟ್‌ಲ್ಯಾಂಡ್ ಕನ್ನಡಿಗ
ಇದನ್ನೆಲ್ಲ ಓದಿ ಮೈ ಜುಮ್ಮೆಂದಿತು. ನಾನು ಅಮೆರಿಕದ ಒರೆಗಾನ್‌ನಲ್ಲಿದ್ದೇನೆ, ಮನೆ ಹಿಂದೆ ಎರಡು ಎಕರೆ ಡಗ್ಲಸ್ ಫರ್. ಇಲ್ಲಿ ಮರ ಕಡಿಯುವ ಕಂಪನಿಯಲ್ಲಿ ಕಾಲಿನ ರಕ್ಷಣೆ ಇಲ್ಲದೆ ಮಿಷನ್ ಮುಟ್ಟಲು ಕಾನೂನೇ ಬಿಡುವುದಿಲ್ಲ. ಚ್ಯಾಪ್ಸ್ ಅಂತ ಪ್ಯಾಂಟಿನ ಮೇಲೆ ಕಟ್ಟುವುದು ಸಿಗುತ್ತೆ. ಚೈನ್ ತಾಗಿದ ಕೂಡಲೇ ಒಳಗಿನ ಉದ್ದುದ್ದ ನಾರು ಹೊರಗೆ ಬಂದು ಚೈನ್ ತಿರುಗಿಸುವ ಸ್ಪ್ರಾಕೆಟ್‌ಗೆ ಸುತ್ತಿಕೊಳ್ಳುತ್ತೆ, ಚೈನ್ ನಿಲ್ಲುತ್ತೆ. ಸುಳ್ಯದವರ ಆ ಲಕ್ಷಗಟ್ಟಲೆ ಖರ್ಚು ಉಳಿಯಬಹುದಿತ್ತು.

ಯೂಟ್ಯೂಬಿನಲ್ಲಿ ನಮ್ಮೂರಿನವರ ವಿಡಿಯೋ ನೋಡಿದರೆ ಗಾಬರಿ. ಒಂದು ಕೈಯಲ್ಲಿ ಮಿಷನ್ ನೇತಾಡಿಸಿ ಇನ್ನೊಂದು ಕೈಯಲ್ಲಿ ಹಗ್ಗ ಎಳೆಯುತ್ತಾರೆ. ನೆಲದ ಮೇಲಿಟ್ಟು, ಹಿಂದಿನ ಹಿಡಿಯೊಳಗೆ ಬೂಟಿನ ತುದಿ ಒತ್ತಿ, ಚೈನ್ ಬ್ರೇಕ್ ಹಾಕಿ ಎಳೆಯಬೇಕು. ಬಾರಿನ ತುದಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು, ತಾಗಿದರೆ ಮಿಷನ್ ಮುಖಕ್ಕೇ ಎಗರುತ್ತೆ. ಎರಡು ಹೆಜ್ಜೆ ನಡೆಯಬೇಕಾದರೂ ಬ್ರೇಕ್ ಹಾಕಿ.

ಅಂದಹಾಗೆ ನಾವೆಲ್ಲ ಬಳಸುವ ಚೈನಿನ ಮೂಲ ಈ ಊರೇ. ಜೋ ಕಾಕ್ಸ್ ಅನ್ನುವವರು 1946ರಲ್ಲಿ ಕಾಡಿನಲ್ಲಿ ಮರ ಕೊರೆಯುವ ಹುಳ ನೋಡಿದರು. ಅದು ಎಡಕ್ಕೂ ಬಲಕ್ಕೂ ಸರಿಯುತ್ತಾ ಮರ ತಿನ್ನುತ್ತಿತ್ತು. ಅದೇ ಥರ ಎಡಗಡೆ ಒಂದು, ಬಲಗಡೆ ಒಂದು ಹಲ್ಲಿರುವ ಚೈನ್ ಮಾಡಿ 1947ರಲ್ಲಿ ಇಲ್ಲಿ ಕಂಪನಿ ಶುರು ಮಾಡಿದರು.

ಬಾಳೆಹೊನ್ನೂರು ತೋಟ
ನಿಮ್ಮಲ್ಲಿ ಹುಳ ಕಂಪನಿ ಕಟ್ಟಿಸಿತು. ನಮ್ಮಲ್ಲಿ ಕಾಂಡಕೊರಕ ಹುಳ ಬಂದು ಅರೇಬಿಕಾ ಕಾಫಿ ಗಿಡ ಎಲ್ಲ ಕಿತ್ತು ಹಾಕಿಸಿತು.

ಮಲೆನಾಡ ಗಿಡ್ಡ
ಪೋರ್ಟ್‌ಲ್ಯಾಂಡಿನವರೇ, ಆ ಚ್ಯಾಪ್ಸ್ ಕಟ್ಟಿಕೊಂಡು ಏಪ್ರಿಲ್ ಬಿಸಿಲಲ್ಲಿ ಗುಡ್ಡ ಹತ್ತಿ ನೋಡಿ. ನಾನು 7,500 ಕೊಟ್ಟು ತರಿಸಿದ್ದೆ. ನಮ್ಮ ಮಿಷನ್ನಿನ ಹುಡುಗ ಒಂದು ಬೆಳಿಗ್ಗೆ ಕಟ್ಟಿದ, ಮಧ್ಯಾಹ್ನ ಬಿಚ್ಚಿ ಕಾಫಿ ಗಿಡದ ಮೇಲೆ ಹಾಕಿದ. ಲುಂಗಿಯೇ ವಾಸಿ ಅಂದ.

ಪೋರ್ಟ್‌ಲ್ಯಾಂಡ್ ಕನ್ನಡಿಗ
ಲುಂಗಿ ಚೈನಿಗೆ ಸುತ್ತಿಕೊಂಡರೆ ಏನಾಗುತ್ತೆ ಅಂತ ಅವನಿಗೆ ಹೇಳಿದ್ದೀರಾ?

ಮಲೆನಾಡ ಗಿಡ್ಡ
ನೀವೇ ಬಂದು ಹೇಳಿ, ಊಟ ಹಾಕಿಸುತ್ತೇನೆ. ಸುಮ್ನೆ ದೂರದಿಂದ ಪಾಠ ಬೇಡ.

ಈಗ ಕೇಳಿದ ವಿಷಯ. ಒಲೆ ಮೇಲಿನ ಅಟ್ಟ ಬೇಡವೇ ಬೇಡ. ಟ್ಯಾಂಕ್ ಖಾಲಿ ಅಂದರೂ ಒಳಗೆ ಪೆಟ್ರೋಲ್ ಆವಿ ಇದ್ದೇ ಇರುತ್ತೆ. ಅದಿಲ್ಲದಿದ್ದರೂ ಹೊಗೆಯ ಮಸಿಯೂ ಚೈನಿನ ಎಣ್ಣೆಯೂ ಸೇರಿ ಡಾಂಬರಾಗುತ್ತೆ. ಕೊಟ್ಟಿಗೆಯೂ ಬೇಡ, ಇಲಿ ಪೆಟ್ರೋಲ್ ಪೈಪು ಕಡಿಯುತ್ತೆ. ನಮ್ಮ ಮನೆಯಲ್ಲಿ ಇಲಿಗಿಂತ ಜಾಸ್ತಿ ಕಾಟ ಕೊಟ್ಟಿದ್ದು ಕುಂಬಾರ ಹುಳ. ಸೈಲೆನ್ಸರ್ ಬಾಯಿಯೊಳಗೆ ಮಣ್ಣಿನ ಗೂಡು ಕಟ್ಟಿತ್ತು. ಮೆಕ್ಯಾನಿಕ್ ಕಾರ್ಬೊರೇಟರ್, ಕಾಯಿಲ್ ಎಲ್ಲ ಬದಲಿಸಿ 3,100 ತಗೊಂಡ. ಆಮೇಲೆ ನಾನೇ ಕಡ್ಡಿ ಹಾಕಿ ಕೆದಕಿದರೆ ಮಣ್ಣು, ಅದರೊಳಗೆ ಒಣಗಿದ ಜೇಡಗಳು ಸಾಲಾಗಿ. ಆ ಹಳೇ ಕಾಯಿಲ್ ವಾಪಸ್ ಕೊಡು ಅಂದರೆ ಕೊಡಲಿಲ್ಲ.

ಅಜ್ಜನ ಕಾಲದ ಕಬ್ಬಿಣದ ಟ್ರಂಕ್ ಒಂದಿತ್ತು. ಅದರೊಳಗೆ ಮಿಷನ್, ಸೈಲೆನ್ಸರ್ ಬಾಯಿಗೆ ಬಟ್ಟೆ. ಬಟ್ಟೆಗೆ ಕೆಂಪು ದಾರ ಕಟ್ಟಿದ್ದೇನೆ, ತೆಗೆಯಲು ಮರೆಯಬಾರದಲ್ಲ. ಚೈನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆಯಲ್ಲಿ ಅದ್ದಿ ಡಬ್ಬಿಗೆ. ಬಾರಿನ ಅಂಚಿನಲ್ಲಿ ಚೈನ್ ಓಡುವ ಸೀಳಿನೊಳಗಿನ ಹೊಟ್ಟು ಹಳೇ ಗರಗಸದ ಅಲಗಿನಿಂದ ಕೆರೆದು ತೆಗೆಯುವುದು. ಆ ಹೊಟ್ಟು ತೇವ ಹಿಡಿದು ಬಾರ್ ತುಕ್ಕಾಗುತ್ತೆ. ಚೈನಿನ ಆಯಿಲ್ ಟ್ಯಾಂಕೂ ಖಾಲಿ, ಇಲ್ಲದಿದ್ದರೆ ಟ್ರಂಕಿನೊಳಗೆಲ್ಲ ಸೋರಿರುತ್ತೆ. ಕೊನೆಗೆ ಪ್ಲಗ್ ಬಿಚ್ಚಿ, ತೂತಿಗೆ ನಾಲ್ಕು ಹನಿ ಟೂ ಟಿ ಆಯಿಲ್ ಬಿಟ್ಟು, ಹಗ್ಗ ಮೆಲ್ಲಗೆ ಎಳೆದು, ತೂತಿಗೆ ಬಟ್ಟೆ ತುರುಕುವುದು. ಪ್ಲಗ್ ನನ್ನ ಬೀರುವಿನಲ್ಲಿ. ಪ್ಲಗ್ ಇಲ್ಲದ ಮಿಷನ್ನನ್ನು ಮಕ್ಕಳೂ ಸ್ಟಾರ್ಟ್ ಮಾಡಲ್ಲ, ಆಳೂ ಮಾಡಲ್ಲ, ಭಾವನೂ ಮಾಡಲ್ಲ.

ಬಾಳೆಹೊನ್ನೂರು ತೋಟ
ಭಾವನ ವಿಷಯ ಬಿಡಿ ಅಂದೆನಲ್ಲ.

ಶಿರಸಿ ಬೆಟ್ಟ
ಗಿಡ್ಡ ಅವರೇ, ಚೈನಿಗೆ ಯಾವ ಎಣ್ಣೆ? ಸುಟ್ಟ ಎಂಜಿನ್ ಆಯಿಲ್ ತಾನೆ?

ಮಲೆನಾಡ ಗಿಡ್ಡ
ಟ್ರ್ಯಾಕ್ಟರಿನ ಸುಟ್ಟ ಆಯಿಲ್. ಪುಕ್ಕಟೆ.

ಶಿರಸಿ ಬೆಟ್ಟ
ಗೊತ್ತಿತ್ತು. ಅದರಲ್ಲಿ ಲೋಹದ ಪುಡಿ ಇರುತ್ತೆ, ಆಯಿಲ್ ಪಂಪು ಸವೆಯುತ್ತೆ. ಮೈಗೆ ಹಾರುತ್ತೆ, ಉಸಿರಿಗೆ ಹೋಗುತ್ತೆ, ತೋಟದ ಮಣ್ಣಿಗೂ ಬೀಳುತ್ತೆ. ಸಾವಯವ ಕಾಳುಮೆಣಸು ಅಂತ ಮಾರಿ ಬುಡಕ್ಕೆ ಸುಟ್ಟ ಆಯಿಲ್ ಸುರಿಯುವವರು ನಮ್ಮಲ್ಲೂ ಇದ್ದಾರೆ. ನಾನು ಹೊಂಗೆ ಎಣ್ಣೆ ಹಾಕುತ್ತೇನೆ.

ಮಲೆನಾಡ ಗಿಡ್ಡ
ಹೊಂಗೆ ಎಣ್ಣೆ ಹಾಕಿ ಮಳೆಗಾಲ ಪೂರ್ತಿ ಇಟ್ಟು ನೋಡಿ, ಚೈನ್ ಬಾರಿಗೆ ಅಂಟಿಕೊಂಡು ಕೂತಿರುತ್ತೆ. ನಮ್ಮ ಪಕ್ಕದ ಮನೆಯವರದ್ದು ಬಿಸಿನೀರು ಹೊಯ್ದು ಬಿಡಿಸಬೇಕಾಯಿತು. ಸಾವಯವ ನೀವೇ ಇಟ್ಟುಕೊಳ್ಳಿ.

ಶಿರಸಿ ಬೆಟ್ಟ
ಇಡುವ ಮೊದಲು ತೊಳೆದು ಬೇರೆ ಎಣ್ಣೆ ಹಚ್ಚಬೇಕು ಅಂತ ಗೊತ್ತಿರಬೇಕು. ಬಿಡಿ. ನಿಮ್ಮ ಹುಡುಗ ಲುಂಗಿಯಲ್ಲಿ ಯಾವ ಮರ ಕೊಯ್ಯುತ್ತಿದ್ದ? ಪರ್ಮಿಶನ್ ಇತ್ತಾ?

ಮಲೆನಾಡ ಗಿಡ್ಡ
ಸಿಲ್ವರ್ ಓಕ್. ಅದಕ್ಕೆ ಬೇಡ.

ಶಿರಸಿ ಬೆಟ್ಟ
ಸಿಲ್ವರ್ ಓಕಿಗೆ ಬೇಡ, ಸರಿ. ಬೇರೆ ಹಲವು ಮರಗಳಿಗೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಸ್ವಂತ ತೋಟವಾದರೂ ಕೇಳಬೇಕು. ಮಿಷನ್ ಬಂದ ಮೇಲೆ ಹಲಸು, ನಂದಿ ಎಲ್ಲ ಒಂದು ಮಧ್ಯಾಹ್ನದಲ್ಲಿ ಮಲಗುತ್ತಿವೆ. ಕೈಗರಗಸದ ಕಾಲದಲ್ಲಿ ಎರಡು ದಿನ ಹಿಡಿಯುತ್ತಿತ್ತು, ಅಷ್ಟರೊಳಗೆ ಮನಸ್ಸಾದರೂ ಬದಲಾಗುತ್ತಿತ್ತು.

ಮಲೆನಾಡ ಗಿಡ್ಡ
ನಾನು ಹಲಸು ಕಡಿದಿದ್ದನ್ನು ನೀವು ನೋಡಿದ್ದೀರಾ? ಮಾತು ನೆಟ್ಟಗಿರಲಿ.

ಮೈಸೂರು ಮನೆ ತೋಟ
ನೀವೆಲ್ಲ ಪೆಟ್ರೋಲಿನಲ್ಲೇ ಇದ್ದೀರಿ. ನಾನು ಬ್ಯಾಟರಿಯದ್ದು ತಗೊಂಡಿದ್ದೇನೆ. ಹಗ್ಗ ಇಲ್ಲ, ಹೊಗೆ ಇಲ್ಲ, ಕಾರ್ಬೊರೇಟರ್ ಇಲ್ಲ. ಇಡುವಾಗ ಬ್ಯಾಟರಿ ಬಿಚ್ಚಿ ಬೇರೆ ಇಟ್ಟರಾಯಿತು, ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ. ಫುಲ್ ಚಾರ್ಜ್ ಮಾಡಿ ಬಿಸಿಲು ಬೀಳುವ ಕಡೆ ಇಟ್ಟರೆ ಬ್ಯಾಟರಿಯ ಆಯುಸ್ಸು ಕಡಿಮೆ.

ತೀರ್ಥಹಳ್ಳಿ ಅಡಿಕೆ
ಅದರಲ್ಲಿ ಏನು ಕೊಯ್ಯುತ್ತೀರಿ, ದಾಸವಾಳ?

ಮೈಸೂರು ಮನೆ ತೋಟ
ಮಾವಿನ ಕೊಂಬೆ, ನುಗ್ಗೆ, ತೆಂಗಿನ ತುಂಡು. ಬ್ಯಾಟರಿ ಸತ್ತರೆ ಹೊಸದಕ್ಕೆ 9,000, ಅದೊಂದು ನಿಜ.

ಕೊಪ್ಪದ ಕಡೆಯವ
ಎಲ್ಲರಿಗೂ ಥ್ಯಾಂಕ್ಸ್. ಊರಿಗೆ ಹೋಗಿದ್ದೆ. ಟ್ಯಾಂಕ್ ಖಾಲಿ ಮಾಡಿ ಆರುವ ತನಕ ಓಡಿಸಿದೆ. ಟ್ರಂಕ್ ಇರಲಿಲ್ಲ, ಮೂಲೆ ಕೋಣೆಯ ಮರದ ಪೆಟ್ಟಿಗೆಗೆ ಬೀಗ ಹಾಕಿಸಿದೆ. ಚೈನ್ ತೊಳೆಯುವಾಗ ಅಪ್ಪ ಪಕ್ಕದಲ್ಲೇ ಕೂತು ಹಲ್ಲಿನ ತುದಿ ಬೆಳಕಿಗೆ ಹಿಡಿದು ನೋಡಿದರು, ಬಿಳಿ ಗೆರೆ ಹೊಳೆದರೆ ಮೊಂಡಾಗಿದೆ ಅಂತ ಅರ್ಥವಂತೆ. ಅರ ಹಾಕಿ ಉಜ್ಜಿಕೊಟ್ಟರು. ಪ್ಲಗ್ ಬಿಚ್ಚಿ ನನ್ನ ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿಗೆ ಬಂದೆ.

ಇನ್ನೊಂದು ಸಣ್ಣ ಡೌಟು. ಕೆಲಸ ಮುಗಿದ ಮೇಲೆ ಚೈನ್ ಲೂಸ್ ಮಾಡಬೇಕು ಅಂತ ಅಂಗಡಿಯವರು ಹೇಳಿದ್ದರು, ಯಾಕೆ?

ಸಕಲೇಶಪುರ ರೈಟರ್
ಬಿಸಿಯಲ್ಲಿ ಚೈನ್ ಉದ್ದವಾಗುತ್ತೆ, ಜೋತುಬಿದ್ದಿದೆ ಅಂತ ನಾವು ಟೈಟ್ ಮಾಡುತ್ತೇವೆ. ತಣಿದ ಮೇಲೆ ಕುಗ್ಗುತ್ತೆ. ಹಾಗೇ ಬಿಟ್ಟರೆ ಕ್ರ್ಯಾಂಕೂ ಬೇರಿಂಗೂ ಹಾಳು. ಬೇರಿಂಗ್ ಬದಲಿಸಿದ ಬಿಲ್ಲು ನನ್ನ ಹತ್ತಿರ ಇದೆ, 4,850.

ಕೊಪ್ಪದ ಕಡೆಯವ
ಅಪ್‌ಡೇಟ್. ಮೊನ್ನೆ ಗಾಳಿಗೆ ಪಂಪ್ ಹೌಸ್ ಪಕ್ಕ ಮರ ಬಿತ್ತು. ಪ್ಲಗ್ ನನ್ನ ಹತ್ತಿರ ಇದೆ ಅಂತ ನಿಶ್ಚಿಂತೆಯಲ್ಲಿದ್ದೆ. ಅಪ್ಪ ಕಳೆ ಹೊಡೆಯುವ ಮಿಷನ್ನಿನ ಪ್ಲಗ್ ಬಿಚ್ಚಿ ಇದಕ್ಕೆ ಹಾಕಿದರಂತೆ. ಎದುರು ಮನೆಯ ಹುಡುಗ ಬಂದು ಕೊಯ್ದುಕೊಟ್ಟನಂತೆ. ಯಾರಿಗೂ ಏನೂ ಆಗಿಲ್ಲ.

ಘಟ್ಟದ ಕೆಳಗಿನವ
ಈ ಸಲ ಆಗಿಲ್ಲ. ನಾನು ಹೇಳಿದ್ದು ಯಾರಿಗೆ ಬೇಕು ಮಾರಾಯ್ರೆ.

ಮಲೆನಾಡ ಗಿಡ್ಡ
ಮುಂದಿನ ಸಲ ಚೈನೂ ಬ್ಯಾಗಿಗೆ ಹಾಕಿ. 18 ಇಂಚಿನದ್ದು ಎಲ್ಲ ಅಂಗಡಿಯಲ್ಲಿ ಸಿಗಲ್ಲ.

ತೀರ್ಥಹಳ್ಳಿ ಅಡಿಕೆ
ಕೊಪ್ಪದಲ್ಲಿ ಸಿಗುತ್ತೆ. 1,400.